ಒಂದಕ್ಕೆ ಹತ್ತು

"ಗಂಗಾ! ಇವತ್ತಿನಿಂದ ಈ ಮನ್ಯಾಗ ಒಂದು ಹನಿ ಸೈತ ವೇಸ್ಟ್ ಆಗಂಗಿಲ್ಲ!"

ಮಾರ್ಚ್ ತಿಂಗಳ ಒಂದು ಭಾನುವಾರ ಇಂದಿರಾನಗರದ ಪಾರ್ಕಿನಿಂದ ಮನೆಗೆ ಬಂದ ದತ್ತು, ಚಪ್ಪಲಿ ಬಿಡುವಷ್ಟೂ ವ್ಯವಧಾನವಿಲ್ಲದೆ, ನಡುಮನೆಯಲ್ಲಿ ನಿಂತು ಬಲಗೈ ಮೇಲೆತ್ತಿ ಹೀಗೆ ಸಾರಿದ. ಗಂಗಾ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಆ ವಾರ ಜೀವನ್ ಬಿಮಾ ನಗರದ ಅವರ ಬೀದಿಗೆ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಗಂಡ ನೀರಿನ ಮಾತೆತ್ತಿದ್ದಾನೆಂದೇ ಅವಳು ತಿಳಿದಳು.

"ಛಲೋ ಆತು. ಮೊದಲ ಬಾತ್‌ರೂಮಿನ ನಳ ರಿಪೇರಿ ಮಾಡಸ್ರಿ. ಟಪ್ ಟಪ್ ಅಂತ ಸೋರಲಕತ್ತದ."

"ನಳದ್ದಲ್ಲ ಗಂಗಾ, ನಂದು!"

ಮಷೀನು ನಿಂತಿತು. ಗಂಗಾ ಕನ್ನಡಕದ ಮೇಲಿನಿಂದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮದೇನು ಸೋರಲಕತ್ತದ? ಡಾಕ್ಟರ್ ಹತ್ರ ಹೋಗೋಣ ನಡ್ರಿ."

ದತ್ತು ಕೂತಲ್ಲಿ ಕೂರುವ ಜಾತಿಯವನಲ್ಲ. ಊಟವನ್ನು ಓಡಾಡುತ್ತ ಮಾಡುತ್ತಾನೆ, ಟಿವಿಯನ್ನು ನಿಂತು ನೋಡುತ್ತಾನೆ, ಹಲ್ಲುಜ್ಜುತ್ತ ಮೂರು ಸಲ ಮಹಡಿ ಹತ್ತಿ ಇಳಿಯುತ್ತಾನೆ. ಕಲಬುರಗಿಯಿಂದ ಬಂದು ಹದಿನೈದು ವರ್ಷವಾಯಿತು. ಮಾರತ್ತಹಳ್ಳಿಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿಯೂ ಅವನ ಕುರ್ಚಿಯ ಸೀಟು ಹೊಸದಾಗಿ ತಂದಂತೆ ಹೊಳೆಯುತ್ತದೆ. ಇಂಥ ಚಡಪಡಿಕೆಯ ಮನುಷ್ಯನ ಕೈಗೆ ವರ್ಷದ ಹಿಂದೆ ಸಿಕ್ಕಿದ್ದು ತಾರಸಿ ತೋಟ. ಅವರು ಬಾಡಿಗೆಗಿದ್ದದ್ದು ಮೊದಲ ಮಹಡಿ. ಮೇಲೆ ಬಯಲು ತಾರಸಿ. ಕೆಳಗೆ ಮನೆ ಒಡತಿ ಮುನಿಶಾಮಮ್ಮ. "ಏನಾದ್ರೂ ಬೆಳ್ಕೊಪ್ಪಾ. ನನ್ನ ಗೋಡೆ ನೆನೀಬಾರ್ದು, ನನ್ನ ಮೂಗಿಗೆ ವಾಸ್ನೆ ಬರಬಾರ್ದು" ಎಂದು ಎರಡೇ ಷರತ್ತು ಹಾಕಿ ಆಕೆ ತಾರಸಿಯ ಬೀಗದ ಕೈ ಕೊಟ್ಟಿದ್ದರು.

ಅವತ್ತು ಪಾರ್ಕಿನಲ್ಲಿ ತಾರಸಿ ತೋಟದವರ ಕೂಟವಿತ್ತು. ಯಾರೋ ಒಬ್ಬರು ಒಂದು ಗಂಟೆ ಮಾತಾಡಿದರು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ನಕ್ಕರೆ ದತ್ತು ಒಬ್ಬನೇ ಕಿವಿ ತೆರೆದುಕೊಂಡು ಕೇಳಿದ್ದ. ಒಬ್ಬ ಮನುಷ್ಯ ವರ್ಷವೊಂದಕ್ಕೆ ಹೆಚ್ಚುಕಡಿಮೆ ನಾಲ್ಕು ಕೇಜಿ ಸಾರಜನಕವನ್ನು ಉಚ್ಚೆಯ ರೂಪದಲ್ಲಿ ಕೊಚ್ಚೆಗೆ ಬಿಡುತ್ತಾನಂತೆ! ಗಿಡಗಳು ಅದಕ್ಕಾಗಿಯೇ ಬಾಯಿ ಬಿಟ್ಟುಕೊಂಡು ಕೂತಿರುತ್ತವಂತೆ!

"ನನ್ನ ವಯಸ್ಸು ನಲವತ್ತಾರು. ನಾಕಲೇ ನಲವತ್ತಾರು ಎಷ್ಟಾತು? ನೂರ ಎಂಬತ್ತನಾಲ್ಕು! ಎರಡು ಕ್ವಿಂಟಾಲ್ ಹತ್ರ ಹತ್ರ ಸಾರಜನಕ ಕಮೋಡಿಗೆ ಸುರದೀನಿ ಗಂಗಾ!"

"ಸಾರಿನ ಜನಕ ಯಾರ್ರೀ? ನಾ ಅಲ್ಲೇನು ದಿನಾ ಸಾರು ಮಾಡಾಕಿ?"

"ಸಾರಿನ ಜನಕ ಅಲ್ಲ, ಸಾರಜನಕ. ನೈಟ್ರೋಜನ್. ಲೆಕ್ಕ ಭಾಳ ಸಸಾರ ಅದ. ಒಂದಕ್ಕ ಹತ್ತು!"

"ಒಂದಕ್ಕ ಹತ್ತು ಸಲ ಹೋಗಬೇಕಾ?"

"ಒಂದು ಪಾಲು ಅದು, ಹತ್ತು ಪಾಲು ನೀರು! ಕೂಡಿಸಿ ಗಿಡದ ಬುಡಕ್ಕ ಹಾಕಬೇಕು."

ಗಂಗಾ ಸೂಜಿಗೆ ದಾರ ಪೋಣಿಸಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡನನ್ನು ತಡೆಯುವುದರಲ್ಲಿ ಅರ್ಥವಿಲ್ಲವೆಂದೂ, ಬೇಲಿ ಹಾಕುವುದರಲ್ಲಿ ಮಾತ್ರ ಅರ್ಥವಿದೆಯೆಂದೂ ಅವಳು ಕಲಿತಿದ್ದಳು.

"ಹೇಳ್ತೀನಿ ಕೇಳ್ರಿ. ಡಬ್ಬಿ ತಾರಸಿ ಮ್ಯಾಲ ಇರಬೇಕು, ಮನಿ ಒಳಗ ಬರಬಾರದು. ನನ್ನ ಹತ್ರ ಚಂದಾ ಕೇಳಬಾರದು. ಮತ್ತ ಅವ್ವನ ಮಲ್ಲಿಗಿ ತಂಟಿಗೆ ಹೋಗಬಾರದು. ಅದನ್ನ ಮುಟ್ಟಿದ್ರ ನಾ ಸುಮ್ನ ಇರಾಕಿ ಅಲ್ಲ."

ಕೊನೆಯ ಮಾತು ಹೇಳುವಾಗ ಅವಳ ದನಿ ತುಸು ತಗ್ಗಿತು. ಗಂಗಾಳ ತಾಯಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ತೌರಿನ ಹಿತ್ತಲಲ್ಲಿ, ನಳದ ಪಕ್ಕ, ಆಕೆಯೇ ನೆಟ್ಟು ಬೆಳೆಸಿದ ದುಂಡು ಮಲ್ಲಿಗೆ ಇತ್ತು. ಹದಿಮೂರನೇ ದಿನ ಮುಗಿಸಿ ವಾಪಸಾಗುವಾಗ ಗಂಗಾ ಅದರ ಒಂದು ಬೇರುಗಡ್ಡಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಹನ್ನೊಂದು ತಾಸು ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಚಹಾ ಕುಡಿಯಲಿಕ್ಕೂ ಕೆಳಗಿಟ್ಟಿರಲಿಲ್ಲ. ಅದು ಈಗ ತಾರಸಿಯ ಮೂಲೆಯ ಕುಂಡದಲ್ಲಿ ಮೊಣಕಾಲೆತ್ತರ ನಿಂತಿತ್ತು. ಸತ್ತಿರಲಿಲ್ಲ, ಹಾಗಂತ ಹೂವನ್ನೂ ಬಿಟ್ಟಿರಲಿಲ್ಲ. ಎಲೆಗಳಿಗೆ ಕಾಮಾಲೆ ಬಂದವರ ಬಣ್ಣ.

"ಮಲ್ಲಿಗಿ ಮುಟ್ಟಲ್ಲ. ಆಣಿ!" ಎಂದ ದತ್ತು.

ಅಂದು ಸಂಜೆಯೇ ಇಪ್ಪತ್ತು ಲೀಟರಿನ ನೀರಿನ ಕ್ಯಾನೊಂದು ತಾರಸಿಗೆ ಏರಿತು. ನೀರಿನ ಟ್ಯಾಂಕಿನ ಹಿಂದೆ ಅದಕ್ಕೊಂದು ಮರೆ, ಬಾಯಿಗೊಂದು ಲಾಳಿಕೆ, ಮೇಲೆ ಬಿಗಿ ಮುಚ್ಚಳ. ಒಂದಕ್ಕೆ ಹತ್ತು, ಒಂದಕ್ಕೆ ಹತ್ತು ಎಂದು ಜಪಿಸುತ್ತ ದತ್ತು ಮಗ್ಗು ಹಿಡಿದು ಅಳೆದು ಬೆರೆಸಿ ಪಾಲಕ್ ಮಡಿಗೆ ಹಾಕಿದ.

ಮೂರು ವಾರದಲ್ಲಿ ಪಾಲಕ್ ಸೊಪ್ಪು ಬಾಳೆ ಎಲೆಗೆ ಸವಾಲು ಹಾಕುವಂತೆ ಬೆಳೆದುಬಿಟ್ಟಿತು! ಕೊಯ್ದರೆ ಎರಡು ದಿನಕ್ಕೆ ಮತ್ತೆ ಅಷ್ಟೇ! ದತ್ತು ಒಂದು ದೊಡ್ಡ ಕಟ್ಟು ಕಟ್ಟಿ ಮುನಿಶಾಮಮ್ಮನವರಿಗೆ ಒಯ್ದು ಕೊಟ್ಟ. ಗಂಗಾ ಬೇಡವೆಂದು ಕಣ್ಣಲ್ಲೇ ಹೇಳಿದಳು. ಹೆಮ್ಮೆಯಿಂದ ಉಬ್ಬಿದವನಿಗೆ ಕಣ್ಣಿನ ಮಾತು ಕಾಣಿಸುವುದುಂಟೇ?

ಮರುದಿನ ಮುನಿಶಾಮಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ದತ್ತಪ್ಪಾ, ಅದೇನ್ ಸೊಪ್ಪೋ! ಬೆಣ್ಣೆ ಬೆಂದಂಗೆ ಬೆಂತು. ಅಂಗಡೀದು ಇನ್ಮೇಲೆ ನನ್ನ ಗಂಟ್ಲಲ್ಲಿ ಇಳಿಯಲ್ಲ. ಅದೇನ್ ಗೊಬ್ಬರ ಹಾಕ್ತೀಯ?"

"ಮನೇಲೇ ತಯಾರಿಸ್ತೀನಿ ಅಮ್ಮಾ. ಸ್ವಂತ ತಯಾರಿಕೆ!"

ಮಾತು ನೂರಕ್ಕೆ ನೂರು ಸತ್ಯವಾಗಿತ್ತು. ಒಳಗೆ ಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು.

ಮೆಚ್ಚುಗೆ ಕೆಟ್ಟದ್ದು. ಪಾಲಕ್ ಆಯಿತು, ಮೆಂತ್ಯ ಬೇಕೆಂದರು. ಮೆಂತ್ಯ ಆಯಿತು, ಅಕ್ಕನ ಮನೆಗೊಂದು ಕಟ್ಟು ಬೇಕೆಂದರು. ಬೇಡಿಕೆ ಏರಿತು, ಉತ್ಪಾದನೆ ಸಾಲದಾಯಿತು! ದತ್ತು ದಿನಕ್ಕೆ ಐದು ಲೀಟರ್ ನೀರು ಕುಡಿಯತೊಡಗಿದ. ಕಾರ್ಖಾನೆಯ ಶೌಚಾಲಯದ ಬಾಗಿಲು ಕಂಡಾಗಲೆಲ್ಲ ಅವನಿಗೆ ಸಂಕಟ. ಅಲ್ಲಿ ಹೋದದ್ದೆಲ್ಲ ಊರಪಾಲು! ಮಧ್ಯಾಹ್ನದ ನಂತರದ್ದನ್ನಾದರೂ ಮನೆಗೇ ಒಯ್ಯಬೇಕೆಂದು ನಿರ್ಧರಿಸಿದ. ಒಯ್ಯುವುದಕ್ಕೆ ದೇವರು ಕೊಟ್ಟ ಪಾತ್ರೆ ಇದ್ದೇ ಇದೆಯಲ್ಲ!

ಸಂಜೆ ಆರಕ್ಕೆ ಮಾರತ್ತಹಳ್ಳಿ ಸೇತುವೆಯಿಂದ ಜೀವನ್ ಬಿಮಾ ನಗರಕ್ಕೆ ಸ್ಕೂಟರಿನಲ್ಲಿ ಬರುವ ದಾರಿಯನ್ನು ಸಾಮಾನ್ಯರು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ದತ್ತು ರಸ್ತೆಯ ಹಂಪುಗಳಲ್ಲಿ ಅಳೆಯತೊಡಗಿದ. ಒಟ್ಟು ಹದಿನಾಲ್ಕು! ಪ್ರತಿಯೊಂದು ಹಂಪಿನ ಮುಂದೆಯೂ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಸೀಟಿನಿಂದ ಅರ್ಧ ಎದ್ದು ನಿಂತು ದಾಟುವನು. ಸಿಗ್ನಲ್ಲಿನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಿದ್ದರೆ ಇವನೊಬ್ಬ ಎಡಗಾಲು ಬಲಗಾಲು ಬದಲಿಸುತ್ತ ಕುಣಿಯುವನು. "ಗುರು, ಒಳ್ಳೇ ಸ್ಟೆಪ್ಪು!" ಎಂದು ಪಕ್ಕದ ಬೈಕಿನವನು ಹೆಬ್ಬೆರಳೆತ್ತಿದ್ದೂ ಉಂಟು.

ಏಪ್ರಿಲ್ ಮೂರನೇ ವಾರ ಒಂದು ಸಂಜೆ, ಹದಿನಾಲ್ಕೂ ಹಂಪು ದಾಟಿ, ಸ್ಕೂಟರ್ ನಿಲ್ಲಿಸಿ, ಜಯ ಸಿಕ್ಕಿತೆಂದು ಮೆಟ್ಟಿಲಿಗೆ ಕಾಲಿಟ್ಟರೆ ಮೂರನೇ ಮೆಟ್ಟಿಲ ಮೇಲೆ ಮುನಿಶಾಮಮ್ಮ ಕೂತಿದ್ದಾರೆ!

"ಬಾಪ್ಪಾ ದತ್ತು. ನಿನ್ನೇ ಕಾಯ್ತಾ ಇದ್ದೆ. ಕೂತ್ಕೊ."

"ನಿಂತೇ ಕೇಳ್ತೀನಿ ಅಮ್ಮಾ."

"ನೀರಿಂದು ಏನಪ್ಪಾ ಮಾಡೋದು? ಬೋರು ಬತ್ತೋಯ್ತು. ಟ್ಯಾಂಕರ್‌ನೋನು ಫೋನೇ ಎತ್ತಲ್ಲ. ಎಲ್ಲಾ ನೀರೂ ಎಲ್ಲಿ ಹೋಯ್ತದೆ ಅಂತೀನಿ."

ನೀರು ಎಂಬ ಶಬ್ದ ಕಿವಿಗೆ ಬಿದ್ದೊಡನೆ ದತ್ತುವಿನ ಹಣೆಯಲ್ಲಿ ಬೆವರೊಡೆಯಿತು. "ಹೌದು ಅಮ್ಮಾ, ಹೋಗ್ತಾನೇ ಇಲ್ಲ… ಅಲ್ಲ, ಬರ್ತಾನೇ ಇಲ್ಲ!"

"ಯಾಕಿಂಗ್ ಕುಣಿತಾ ಇದ್ದೀಯ?"

"ಕಾಲು… ಕಾಲು ಜೋಮು ಹಿಡಿದಿದೆ."

"ಎರಡೂವಾ? ವಾಯು ಅದು. ನಮ್ಮ ಯಜಮಾನ್ರಿಗೂ ಇತ್ತು. ಕೂತ್ಕೊ, ಅವ್ರು ಏನ್ ಕಷಾಯ ಕುಡಿತಿದ್ರು ಹೇಳ್ತೀನಿ. ಒಂದು ಚೊಂಬು ನೀರು ತಗೊಂಡು, ಸಣ್ಣ ಧಾರೇಲಿ…"

ದತ್ತು ಮುಂದಿನದನ್ನು ಕೇಳಲಿಲ್ಲ. ಮುದುಕಿಯ ಪಕ್ಕದ ಗೇಣು ಜಾಗದಲ್ಲಿ ಹೇಗೆ ತೂರಿದನೋ, ಮೂವತ್ತೆರಡು ಮೆಟ್ಟಿಲು ಹೇಗೆ ಹಾರಿದನೋ! ಟ್ಯಾಂಕಿನ ಹಿಂದೆ ತಲುಪಿ ಲಾಳಿಕೆಯ ಮುಂದೆ ನಿಂತಾಗ, ವಿಮಾನ ಕಾರ್ಖಾನೆಯ ಕಡೆಯಿಂದ ಒಂದು ಹೆಲಿಕಾಪ್ಟರ್ ಸದ್ದು ಮಾಡುತ್ತ ತಲೆಯ ಮೇಲೇ ಹಾದುಹೋಯಿತು. ನಾಚಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಆ ವಾರವೇ ಗಂಗಾ ಊರಿಗೆ ಹೊರಟಳು. ತಾಯಿಯ ವರ್ಷದ ಕಾರ್ಯ. ದತ್ತುಗೆ ರಜೆ ಸಿಗಲಿಲ್ಲ. ಬೆಳಗ್ಗೆ ಹೊರಡುವ ಮುನ್ನ ಅವಳು ತಾರಸಿಗೆ ಹೋಗಿ ಮಲ್ಲಿಗೆ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದು ಹಳದಿ ಎಲೆ ತೆಗೆದಳು.

"ಅವ್ವನ ಕಾರ್ಯಕ್ಕ ಇದರ ಒಂದು ಹೂವಾರ ಒಯ್ಯಬೇಕಂತ ಇತ್ತು ನಂಗ" ಎಂದಳು, ಗಂಡನಿಗೆ ಹೇಳಿದಂತೆಯೂ ಅಲ್ಲ. ಆಮೇಲೆ ಎದ್ದು, "ದಿನಾ ಒಂದು ಚೊಂಬು ನೀರು ಹಾಕ್ರಿ. ಬರೇ ನೀರು. ತಿಳೀತಿಲ್ಲೋ?" ಎಂದು ಹೊರಟಳು.

ದತ್ತು ತಲೆಯಾಡಿಸಿದ. ಆದರೆ ಅವಳ ಆ ಮೊದಲ ಮಾತು ಅವನ ಒಳಗೆ ಕೂತುಬಿಟ್ಟಿತು. ಸುಮ್ಮನೆ ಕೂರುವ ಮಾತಾಗಿದ್ದರೆ ಪರವಾಗಿರಲಿಲ್ಲ, ಅವನಂತೆಯೇ ಅದೂ ಚಡಪಡಿಸತೊಡಗಿತು. ಗಂಗಾ ಎಂಟು ದಿನಕ್ಕೆ ಬರುತ್ತಾಳೆ. ಬಂದವಳು ತಾರಸಿ ಹತ್ತಿದಾಗ ಮಲ್ಲಿಗೆ ತುಂಬ ಹೂ! ಅವಳ ಕಣ್ಣು ತುಂಬ ನೀರು! "ಏನ್ರೀ ಮಾಡಿದ್ರಿ?" ಎಂದು ಅವಳು ಕೇಳುವುದು, ತಾನು ಏನೂ ಮಾಡಿಲ್ಲವೆಂಬಂತೆ ಆಕಾಶ ನೋಡುವುದು… ಈ ದೃಶ್ಯವನ್ನು ದತ್ತು ಅಂದು ಕಾರ್ಖಾನೆಯಲ್ಲಿ ನಲವತ್ತು ಸಲ ನೋಡಿದ. ಆಣೆ ಹಾಕಿದ್ದು ನೆನಪಿಗೆ ಬಂತು. ಮುಟ್ಟುವುದಿಲ್ಲ ಎಂದಲ್ಲವೇ ಆಣೆ? ಹೊಯ್ಯುವುದಿಲ್ಲ ಎಂದೇನೂ ಹೇಳಿರಲಿಲ್ಲ!

ಇನ್ನು ಲೆಕ್ಕ. ಒಂದಕ್ಕೆ ಹತ್ತು ಬೆರೆಸಿದರೆ ಪಾಲಕ್ಕಿಗೆ ಮೂರು ವಾರ ಬೇಕಾಯಿತು. ಇಲ್ಲಿರುವುದು ಎಂಟೇ ದಿನ. ರೋಗ ಜೋರಾದರೆ ಡೋಸೂ ಜೋರಾಗಬೇಡವೇ? ತಜ್ಞರು ಹೇಳಿದ ಹತ್ತು ಪಾಲು ನೀರು ಸಾಮಾನ್ಯ ಜನರಿಗೆ. ಅನುಭವಿಗಳಿಗೆ ಅದು ಅಡ್ಡಿ! ಸಂಜೆ ಮನೆಗೆ ಬಂದವನೇ ಕ್ಯಾನು ಎತ್ತಿ, ನೀರಿನ ಸೋಂಕೂ ಇಲ್ಲದ ಶುದ್ಧ ಸರಕನ್ನು ಮಗ್ಗುಗಟ್ಟಲೆ ಮಲ್ಲಿಗೆಯ ಬುಡಕ್ಕೆ ಹೊಯ್ದ. ಮರುದಿನ ಬೆಳಗ್ಗೆ ಎರಡನೇ ಡೋಸು. ಹೊಯ್ಯುವಾಗ ಕಣ್ಣುರಿಯಿತು, ಕೆಮ್ಮು ಬಂತು. ಔಷಧಿ ಘಾಟಾಗಿದ್ದಷ್ಟೂ ಗುಣ ಹೆಚ್ಚೆಂದುಕೊಂಡ.

ಮೂರನೇ ದಿನ ಎಲೆಯ ಅಂಚು ಕಂದಿತು. "ಹಳೆ ಎಲೆ ಉದುರಿ ಹೊಸದು ಬರ್ತದ" ಎಂದು ತನಗೇ ಹೇಳಿಕೊಂಡ. ನಾಲ್ಕನೇ ದಿನ ಎಲೆಗಳೆಲ್ಲ ಹಪ್ಪಳದಂತೆ ಮುದುರಿದವು. ಐದನೇ ದಿನ ಬೆಳಗ್ಗೆ ಒಂದು ಎಲೆಯನ್ನು ಬೆರಳಲ್ಲಿ ಹಿಡಿದರೆ ಅದು ಪುಡಿಪುಡಿಯಾಗಿ ಅಂಗೈಯಲ್ಲಿ ಉಳಿಯಿತು.

ದತ್ತು ಹಾಗೇ ಕುಂಡದ ಮುಂದೆ ಕೂತ. ಅಷ್ಟು ಹೊತ್ತು ಅವನು ಒಂದೇ ಕಡೆ ಕೂತದ್ದು ಆ ವರ್ಷದಲ್ಲಿ ಅದೇ ಮೊದಲು. ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತ ಗಂಗಾ, ಅವಳ ತೊಡೆಯ ಮೇಲೆ ಹಸಿ ಬಟ್ಟೆಯ ಗಂಟು, ಚಹಾದವನು ಬಂದಾಗ "ಒಲ್ಲೆ" ಎಂದು ಅವಳು ತಲೆಯಾಡಿಸಿದ್ದು, ಎಲ್ಲ ಕಣ್ಣಮುಂದೆ ಬಂತು.

ಆಮೇಲೆ ಎದ್ದ. ಎದ್ದ ಮೇಲೆ ದತ್ತು ದತ್ತುವೇ! ತೊಳೆದುಬಿಟ್ಟರೆ ಬದುಕೀತೆಂದು ಬಾತ್‌ರೂಮಿನಿಂದ ಬಕೆಟ್ಟು ಬಕೆಟ್ಟು ನೀರು ಹೊತ್ತು ತಂದು ಕುಂಡಕ್ಕೆ ಸುರಿದ. ಇಪ್ಪತ್ತೆರಡು ಬಕೆಟ್ಟು! ಮೂರು ದಿನಕ್ಕೊಮ್ಮೆ ಬರುವ ನೀರು! ಕುಂಡದ ತಳದಿಂದ ಚಹಾ ಬಣ್ಣದ ನೀರು ಹರಿದು ತಾರಸಿಯ ಮೂಲೆಯ ತೂತಿಗೆ ಸೇರಿ ಗುಳುಗುಳು ಸದ್ದು ಮಾಡುತ್ತ ಮಾಯವಾಯಿತು. ಎಲ್ಲಿಗೆ ಹೋಯಿತೆಂದು ಅವನು ಯೋಚಿಸಲಿಲ್ಲ. ಕೆಲಸಕ್ಕೆ ರಜೆ ಹೇಳಿ, ಅದೇ ಥರದ ಮಲ್ಲಿಗೆ ಹುಡುಕಿ ತಂದು, ಅದೇ ಕುಂಡದಲ್ಲಿ ನೆಟ್ಟು, ಬಾಯಿ ಮುಚ್ಚಿಕೊಂಡಿರುವುದೆಂದು ತೀರ್ಮಾನಿಸಿ ಹಲಸೂರಿನ ನರ್ಸರಿ ಕಡೆ ಸ್ಕೂಟರ್ ಹತ್ತಿದ.

ಆ ನೀರು ಹೋಗಿದ್ದು ಮುನಿಶಾಮಮ್ಮನವರ ನೀಲಿ ಡ್ರಮ್ಮಿಗೆ.

ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು ಅಂಗಳದ ಡ್ರಮ್ಮಿನಲ್ಲಿ ತುಂಬುವ ಏರ್ಪಾಡು ಅದು. ನವೆಂಬರಿನಿಂದ ಒಣಗಿ ನಿಂತಿದ್ದ ಡ್ರಮ್ಮು. ಆ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದ ಮುನಿಶಾಮಮ್ಮ ನೋಡುತ್ತಾರೆ, ಡ್ರಮ್ಮು ಕಂಠಪೂರ್ತಿ ತುಂಬಿದೆ! ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ! ಏಪ್ರಿಲ್ ಬರಗಾಲದಲ್ಲಿ ತಾನಾಗಿ ಬಂದ ನೀರು. ಆಕೆ ಎರಡೂ ಕೈ ಜೋಡಿಸಿ ಆಕಾಶಕ್ಕೆ ಮುಗಿದರು. ಆಮೇಲೆ ಚೊಂಬಲ್ಲ, ಬಕೆಟ್ಟೇ ತುಂಬಿ ಹೊಸಿಲು ತೊಳೆದರು, ಅಂಗಳ ತೊಳೆದರು, ಗೇಟಿನ ಮುಂದಿನ ರಸ್ತೆಗೂ ಚಿಮುಕಿಸಿದರು. ತಿಂಗಳಿಂದ ಬಿಡಿಸದ ದೊಡ್ಡ ರಂಗೋಲಿ ಬಿಡಿಸಿದರು.

ಬಿಸಿಲೇರಿತು. ಬಿಸಿಲಿನ ಜೊತೆಗೆ ವಾಸನೆಯೂ ಏರಿತು!

ಮೊದಲು ಬೆಕ್ಕನ್ನು ಬೈದರು. ಆಮೇಲೆ ಬೀದಿ ನಾಯಿಯನ್ನು ಬೈದರು. ಮೂಗು ಹಿಡಿದು ಜಾಡು ಅರಸುತ್ತ ಹೋದರೆ ಡ್ರಮ್ಮು, ಡ್ರಮ್ಮಿನಿಂದ ಪೈಪು, ಪೈಪಿನಿಂದ ತಾರಸಿ. ಮೇಲಿನ ಟ್ಯಾಂಕಿನಲ್ಲಿ ಏನೋ ಬಿದ್ದು ಸತ್ತು, ಟ್ಯಾಂಕು ಸೋರುತ್ತಿದೆಯೆಂದು ಹಲಸೂರಿನ ಪ್ಲಂಬರ್ ಕರೀಂನನ್ನು ಫೋನು ಮಾಡಿ ಕರೆಸಿದರು. ಮೂವತ್ತು ವರ್ಷದಿಂದ ಆ ಬೀದಿಯ ಪೈಪುಗಳ ಒಳಹೊರಗು ಬಲ್ಲ ಕರೀಂ ಮೇಲೆ ಹೋದರು. ಟ್ಯಾಂಕು ಬಡಿದು ನೋಡಿದರು, ಇಣುಕಿ ನೋಡಿದರು. ಹಿಂದುಗಡೆ ಬಿಗಿ ಮುಚ್ಚಳದ ಕ್ಯಾನೊಂದು ಕಂಡಿತು. ಬಿಸಿಲಲ್ಲಿ ಹತ್ತಾರು ದಿನ ಹುದುಗಿ ಕೂತ ಕ್ಯಾನು. ಬಗ್ಗಿ ಮುಚ್ಚಳ ತಿರುವಿದರು.

ಮುಂದಿನ ಕ್ಷಣ ಮೆಟ್ಟಿಲುಗಳ ಮೇಲೆ ಧಡಧಡ ಸದ್ದು. ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ, ಮುಖಕ್ಕೆ ಟವೆಲ್ ಒತ್ತಿಕೊಂಡು ಕರೀಂ ಅಂಗಳದಲ್ಲಿ ನಿಂತರು.

"ಅಮ್ಮಾ, ಟ್ಯಾಂಕ್ ಬರಾಬರ್ ಇದೆ, ಪೈಪ್ ಭೀ ಬರಾಬರ್. ಲೇಕಿನ್ ಮೇಲೆ ಒಂದು ಕ್ಯಾನ್ ಇದೆ. ಅದ್ರಲ್ಲಿ ಶೈತಾನ್ ಕೂತವ್ನೆ!"

ಇದೇ ಮುಹೂರ್ತಕ್ಕೆ ಗೇಟು ತೆರೆದು, ಎದೆಗೆ ಮಲ್ಲಿಗೆ ಗಿಡ ಅಪ್ಪಿಕೊಂಡು, ಯಾರೂ ನೋಡದಂತೆ ಕಳ್ಳಹೆಜ್ಜೆ ಇಡುತ್ತ ದತ್ತು ಒಳಗೆ ಬಂದ.

"ಬಾಪ್ಪಾ ಸ್ವಂತ ತಯಾರಿಕೆ!" ಎಂದರು ಮುನಿಶಾಮಮ್ಮ.

ದತ್ತು ಗಿಡದ ಎಲೆಗಳ ನಡುವೆ ಮುಖ ಮರೆಸಿಕೊಂಡ. ಗಿಡ ಚಿಕ್ಕದು, ಮುಖ ದೊಡ್ಡದು.

"ಆ ಕ್ಯಾನಲ್ಲಿ ಇರೋದೇನು?"

"ಸಾರಜನಕ ಅಮ್ಮಾ."

"ಕನ್ನಡದಲ್ಲಿ ಹೇಳು."

ದತ್ತು ಹೇಳಿದ. ಕನ್ನಡದಲ್ಲೇ ಹೇಳಿದ. ಮಲ್ಲಿಗೆಗೆ ಹೊಯ್ದದ್ದು, ಅದು ಒಣಗಿದ್ದು, ಬಕೆಟ್ಟುಗಟ್ಟಲೆ ನೀರಲ್ಲಿ ತೊಳೆದದ್ದು ಎಲ್ಲ ಹೊರಬಿತ್ತು. ಕರೀಂ "ಯಾ ಅಲ್ಲಾ" ಎಂದು ತಾವು ಮುಚ್ಚಳ ತಿರುವಿದ ಕೈಯನ್ನು ದೂರ ಚಾಚಿ ಹಿಡಿದರು. ಮುನಿಶಾಮಮ್ಮನವರ ಮುಖದ ಮೇಲೆ ಒಂದು ಲೆಕ್ಕ ನಿಧಾನವಾಗಿ ಹಾದುಹೋಗುವುದು ದತ್ತುವಿಗೆ ಕಂಡಿತು.

"ಹಂಗಾದ್ರೆ ನಾನು ತಿಂಗಳಿಂದ ತಿಂತಿರೋ ಪಾಲಕ್ಕು?"

"ನೀರು ಬೆರೆಸಿದ್ದೆ ಅಮ್ಮಾ! ಒಂದಕ್ಕೆ ಹತ್ತು! ಬುಡಕ್ಕೆ ಮಾತ್ರ, ಎಲೆಗೆ ಒಂದು ಹನೀನೂ ಸೋಕ್ಸಿಲ್ಲ!"

"ಅದಕ್ಕೇ ಮತ್ತೆ ಅಂಗಿತ್ತು ರುಚಿ!" ಎಂದರು ಮುನಿಶಾಮಮ್ಮ. ದತ್ತು ಗಿಡದ ಮರೆಯಿಂದ ಒಂದು ಕಣ್ಣು ಹೊರಗಿಟ್ಟ. "ನೀನೇನ್ ಹೊಸದಾಗಿ ಕಂಡುಹಿಡಿದೋನಂಗೆ ಆಡ್ತೀಯ! ಕೆ.ಆರ್. ಪುರದಲ್ಲಿ ಕೆರೆ ಹಿಂದುಗಡೆ ನಮ್ಮಪ್ಪಂದು ಸೊಪ್ಪಿನ ತೋಟ. ಮನೇಲಿ ಹದಿನಾಲ್ಕು ಜನ. ಹಿತ್ತಲಲ್ಲಿ ದೊಡ್ಡ ಬಾನಿ ಹೂತಿಟ್ಟಿದ್ರು. ನೀರು ಬೆರೆಸಿ, ತರಗು ಬೂದಿ ಮೇಲೆ ಚೆಲ್ಲಿ, ತಿಪ್ಪೆ ಕೊಳೆಸಿ ಹಾಕೋರು. ಶಿವಾಜಿನಗರದ ಮಾರ್ಕೆಟ್ಟಲ್ಲಿ ನಮ್ಮ ದಂಟಿನ ಸೊಪ್ಪಿಗೆ ಕಿತ್ತಾಡೋರು. ನೀನು ಅದೆಂಗ್ ಹೊಯ್ದೆ ಮಲ್ಲಿಗೆಗೆ?"

"ಅದು… ಹಾಗೇ ಹೊಯ್ದೆ."

"ನೀರು?"

"ಹಾಕ್ಲಿಲ್ಲ."

"ಅಯ್ಯೋ ದಡ್ಡ ಮುಂಡೇದೇ! ಸುಟ್ಟು ಸಾಯಿಸ್ಬಿಟ್ಟೆಯಲ್ಲೋ ಆ ಹೆಣ್ಣು ಮಗಳ ಗಿಡವ!" ಈಗ ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಾನು ಅದೇ ನೀರಲ್ಲಿ ಹೊಸಿಲು ತೊಳ್ದೆ, ಕೈ ಮುಗ್ದೆ, ರಂಗೋಲಿ ಹಾಕ್ದೆ! ಗಿಡ ಕೆಳಗಿಡು. ಪೊರಕೆ ತಗೋ. ಹೊಸಿಲಿಂದ ರಸ್ತೆವರೆಗೂ ಹತ್ತು ಸಲ ತೊಳೀಬೇಕು. ನಾನಿಲ್ಲೇ ಕೂತು ಎಣಿಸ್ತೀನಿ."

ಹತ್ತು ಸಲಕ್ಕೆ ನೀರೆಲ್ಲಿಯದು? ಬೀದಿ ಕೊನೆಯ ಬೋರ್‌ವೆಲ್ಲಿನಿಂದ, ಕೊಡದಲ್ಲಿ, ಹೆಗಲ ಮೇಲೆ! ಕರೀಂ ಹೋಗುವ ಮುನ್ನ ಪೈಪಿನ ಬಾಯಿಗೆ ಬಿರಡೆ ಹಾಕಿ, ದತ್ತುವಿನ ಕಿವಿಯಲ್ಲಿ "ಭಾಯಿ, ನನ್ನ ನಿಂಬೆ ಗಿಡ ಭೀ ಹಳದಿ ಆಗಿದೆ. ಎಷ್ಟಕ್ಕೆ ಎಷ್ಟು ಅಂದ್ರಿ?" ಎಂದು ಕೇಳಿಕೊಂಡು ಹೋದರು.

"ಗಂಗಾಗೆ ನಾನ್ ಹೇಳಲ್ಲ" ಎಂದರು ಮುನಿಶಾಮಮ್ಮ, ಹತ್ತನೆಯ ಸಲ ತೊಳೆದು ದತ್ತು ಗೋಡೆಗೆ ಒರಗಿ ನಿಂತಾಗ. "ಅದು ನೀನೇ ಹೇಳ್ಬೇಕಾದ ಮಾತು."

ಹೇಳುವುದು ಅಷ್ಟು ಸುಲಭವೇ? ಮಿಕ್ಕ ಮೂರು ದಿನ ದತ್ತು ಮನೆಯೊಳಗೆ ಒಬ್ಬನೇ ಶತಪಥ ಹಾಕಿದ. ಹೊಸ ಗಿಡವನ್ನು ಹಳೆ ಕುಂಡದಲ್ಲಿ ಹೊಸ ಮಣ್ಣು ತುಂಬಿ ನೆಟ್ಟ. ಒಣಗಿದ ಹಳೆಯದನ್ನು ಬಿಸಾಡಲು ಕೈ ಬರಲಿಲ್ಲ, ಟ್ಯಾಂಕಿನ ಹಿಂದೆ ಮುಚ್ಚಿಟ್ಟ. ಇಷ್ಟು ಸಾಲದೆಂಬಂತೆ ಹೊಸ ಗಿಡ ಎರಡು ಮೊಗ್ಗು ಬಿಟ್ಟಿತು. ಅದನ್ನು ನೋಡಿ ಅವನಿಗೆ ಸಂತೋಷವಾಗಲಿಲ್ಲ, ಮೈ ಬೆವರಿತು.

ಒಂಬತ್ತನೇ ದಿನ ಬೆಳಗ್ಗೆ ಗಂಗಾ ಬಂದಳು. ಚೀಲ ನಡುಮನೆಯಲ್ಲಿಟ್ಟು, ಕೈಕಾಲು ತೊಳೆದು, ಚಹಾ ಕೂಡ ಕುಡಿಯದೆ ನೆಟ್ಟಗೆ ತಾರಸಿಗೆ ನಡೆದಳು. ದತ್ತು ಹಿಂದೆ ಹಿಂದೆ ಹೋದ. ಅವಳು ಕುಂಡದ ಮುಂದೆ ಕೂತಳು. ಮೊಗ್ಗು ನೋಡಿದಳು. ಕೊಂಬೆ ಸರಿಸಿದಳು. ಅಲ್ಲಿ, ಬುಡದ ಕೊಂಬೆಗೆ, ಕೆಂಪು ದಾರದಲ್ಲಿ ಕಟ್ಟಿದ ಹಳದಿ ಪ್ಲಾಸ್ಟಿಕ್ ಚೀಟಿಯೊಂದು ಗಾಳಿಗೆ ತಿರುಗುತ್ತಿತ್ತು.

"'ದುಂಡು ಮಲ್ಲಿಗೆ. ಬಿಸಿಲಿನಲ್ಲಿಡಿ'" ಎಂದು ಗಂಗಾ ಓದಿದಳು. "ಇದೇನ್ರೀ ಇದು?"

"ಹೆಸರು… ಗಿಡಕ್ಕ ಹೆಸರು ಬರದು ಕಟ್ಟೀನಿ."

"ಯಾಕ? ಅದಕ್ಕ ತನ್ನ ಹೆಸರು ಮರೆತಿತ್ತೇನು?"

ದತ್ತು ಮೂರು ದಿನದಿಂದ ಕೂಡಿಟ್ಟಿದ್ದ ಏಳೆಂಟು ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಟ್ಯಾಂಕಿನ ಹಿಂದೆ ಹೋಗಿ, ಒಣಗಿದ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ. ತಾನೂ ನೆಲದ ಮೇಲೆ ಕೂತ. ಆಣೆಯ ಸಂದಿಯಲ್ಲಿ ತೂರಿದ್ದು, ಎರಡು ಡೋಸು, ಇಪ್ಪತ್ತೆರಡು ಬಕೆಟ್ಟು, ನೀಲಿ ಡ್ರಮ್ಮು, ಹತ್ತು ಸಲ ತೊಳೆದದ್ದು, ಒಂದನ್ನೂ ಬಿಡದೆ ಹೇಳಿದ.

"ನೀ ಬರೂದ್ರಾಗ ಹೂವು ಬಿಡಸಬೇಕಂತ ಮಾಡಿದೆ. ಖರೇನ. ನೀ ಹೋಗುವಾಗ ಅಂದ್ಯಲ್ಲ, ಒಂದು ಹೂವಾರ ಒಯ್ಯಬೇಕಿತ್ತಂತ. ಅದ ಒಂದು ಮಾತು ತಲ್ಯಾಗ ಕೂತಿತ್ತು."

ಗಂಗಾ ಒಣಗಿದ ಕಡ್ಡಿಯನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು.

"ಒಂದು ಹನಿ ಸೈತ ನೀರು ಕೂಡಸಲಿಲ್ಲೇನು?"

"ಇಲ್ಲ."

"ಹತ್ತು ಬ್ಯಾಡ, ಎರಡು ಪಾಲು?"

"ಇಲ್ಲ ಗಂಗಾ."

ಅವಳು ಎದ್ದು ಕೆಳಗಿಳಿದು ಹೋದಳು. ಈಗ ಅಳುತ್ತಾಳೆ, ಅಥವಾ ಅದೇ ಚೀಲ ಎತ್ತಿಕೊಂಡು ಅದೇ ರೈಲಿಗೆ ವಾಪಸು ಹೋಗುತ್ತಾಳೆ ಎಂದುಕೊಂಡ ದತ್ತು ಎರಡೆರಡು ಮೆಟ್ಟಿಲು ಹಾರುತ್ತ ಹಿಂದೆಯೇ ಓಡಿದ. ಗಂಗಾ ನಡುಮನೆಯಲ್ಲಿ ಕೂತು ಚೀಲ ಬಿಚ್ಚುತ್ತಿದ್ದಳು. ಸೀರೆಗಳ ಕೆಳಗಿನಿಂದ, ಶೇಂಗಾ ಹಿಂಡಿಯ ಡಬ್ಬಿಯ ಪಕ್ಕದಿಂದ, ಹಸಿ ಗೋಣಿತಾಟಿನಲ್ಲಿ ಸುತ್ತಿದ ಒಂದು ಗಂಟು ತೆಗೆದಳು. ಒಳಗೆ ಬೇರುಬಿಟ್ಟ ಎಳೆಯ ಮಲ್ಲಿಗೆ ಕಡ್ಡಿಗಳು.

ದತ್ತು ಬಾಗಿಲಿಗೆ ಒರಗಿ ನಿಂತ. "ಅವ್ವನ ಹಿತ್ತಲದ್ದಾ?"

"ಹ್ಞೂಂ. ನಳದ ಹತ್ರದ್ದು."

"ಮುನಿಶಾಮಮ್ಮ ಫೋನ್ ಮಾಡಿ ಹೇಳಿದ್ರೇನು?"

"ಯಾರೂ ಹೇಳಿಲ್ಲ. ಹೊಂಟಾಗ ನೀವು ಆ ಗಿಡದ ಕಡೆ ನೋಡೋ ನೋಟ ನೋಡಿದ್ದೆ ನಾ. ರೈಲು ಹತ್ತೂ ಮೊದಲ ಗೊತ್ತಾಗಿತ್ತು."

ದತ್ತುವಿನ ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ ಗೋಣಿತಾಟಿನಲ್ಲಿ ಪಕ್ಕಪಕ್ಕ ಮಲಗಿದ್ದವು, ಒಂದಲ್ಲ, ಎರಡು ಕಡ್ಡಿ.

"ಒಂದ ಸಾಕಿತ್ತಲ್ಲ ಗಂಗಾ. ಎರಡು ಯಾಕ ತಂದಿ?"

ಗಂಗಾ ಒಂದನ್ನು ಎತ್ತಿ ಜೋಪಾನವಾಗಿ ತನ್ನ ಮಡಿಲಲ್ಲಿಟ್ಟುಕೊಂಡಳು. ಇನ್ನೊಂದನ್ನು ಗಂಡನ ಕೈಗೆ ಕೊಟ್ಟಳು.

"ಇದು ನಾ ಬೆಳಸಾಕ. ಅದು ನೀವು ಕೊಲ್ಲಾಕ."